ಬೆಳಕು ಕಂಡ ಜಾಗದ ಮಹಜರು

ಆಕಾಶದಲ್ಲಿ ಬೆಳಕು ಕಂಡೆ ಎಂದು ಹೇಳಿದ್ದಕ್ಕೆ ನನ್ನನ್ನು ಹೊಸನಗರ, ತೀರ್ಥಹಳ್ಳಿ, ಸಾಗರ ಎಂದು ಮೂರು ಊರು ಸುತ್ತಿಸಿದರು. ಕಂಡದ್ದು ಒಂದು ಬೀಡಿ ಸೇದುವಷ್ಟು ಹೊತ್ತು. ಅದನ್ನು ಹೇಳುತ್ತ ಕೂತದ್ದು ಕೊಯ್ಲು ಬರುವವರೆಗೆ. ಈಗಲೂ ಸಿಕ್ಕವರು ಬೆಳಕಿನ ಬಗ್ಗೆಯೇ ಕೇಳುತ್ತಾರೆ. ಗದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಮಗೆ ತಲೆಬಿಸಿ ಇದ್ದದ್ದು ಗದ್ದೆಯದು.

ಮನೆಯಲ್ಲಿ ಅವ್ವ, ನಾನು ಇಬ್ಬರೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಸನಗರದ ಒಂದು ಬೈಕ್ ಗ್ಯಾರೇಜು ಸೇರಿದವನು ಈಗಲೂ ಅಲ್ಲೇ ಇದ್ದೇನೆ. ಅಜ್ಜನ ಊರು ಡ್ಯಾಮಿನ ನೀರಿನಲ್ಲಿ ಮುಳುಗಿತು. ಲಾರಿಯಲ್ಲಿ ತಂದು ಇಲ್ಲಿ ಗುಡ್ಡದ ಬುಡದಲ್ಲಿ ಇಳಿಸಿದರು. ಕೊಟ್ಟ ಜಾಗದಲ್ಲಿ ಬರೀ ಕಲ್ಲು. ಅಜ್ಜ ಕೆಳಗಿನ ಜೌಗು ಅಗೆದು, ಬದು ಹಾಕಿ, ಗದ್ದೆ ಮಾಡಿದ. ಆ ಜೌಗು ಫಾರೆಸ್ಟಿನವರ ಲೆಕ್ಕದಲ್ಲಿ ಕಾಡು. ಅಜ್ಜ ಅರ್ಜಿ ಹಾಕಿದ, ಅಪ್ಪ ಹಾಕಿದ, ಅಪ್ಪ ತೀರಿಕೊಂಡ ಮೇಲೆ ಅವ್ವ ಹಾಕಿದಳು. ಹಕ್ಕುಪತ್ರ ಬರಲಿಲ್ಲ. ಬಿಟ್ಟು ಹೋಗಿ ಎಂದೂ ಯಾರೂ ಹೇಳಲಿಲ್ಲ. ಗಾರ್ಡಿಗೆ ಎಲ್ಲ ಗೊತ್ತು. ಬೇಸಿಗೆಯಲ್ಲಿ ಕಾಡಿನ ಬೆಂಕಿ ನೋಡಲು ಬಂದವನು ನಮ್ಮ ಅಂಗಳದಲ್ಲಿ ಗದ್ದೆ ಕಡೆ ಬೆನ್ನು ಹಾಕಿ ಕೂತು, ಮಜ್ಜಿಗೆ ಕುಡಿದು ಹೋಗುತ್ತಿದ್ದ. ನಾವು ಉಣ್ಣುವ ಅಕ್ಕಿ ಅದೇ ಗದ್ದೆಯದು.

ಇಂಥ ಗದ್ದೆ ಇರುವವರ ಮನೆಯಲ್ಲೆಲ್ಲ ಮಾಡಿನ ಹೆಂಚಿನ ಸಂದಿಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಗದ್ದೆ ತಮ್ಮದು ಎಂದು ತೋರಿಸುವ ಯಾವ ಚೀಟಿ ಸಿಕ್ಕರೂ ಅದರೊಳಗೆ ಹೋಗುತ್ತದೆ. ಕಾಡು ಒತ್ತಿದ್ದೀರಿ ಎಂದು ಹಿಂದೆ ದಂಡ ಹಾಕಿದ ರಸೀದಿಯೂ ಅದರಲ್ಲೇ. ದಂಡ ಹಾಕಿದರು ಎಂದರೆ ಸಾಗುವಳಿ ಇತ್ತು ಎಂದು ಸರ್ಕಾರವೇ ಒಪ್ಪಿದ ಹಾಗೆ. ಅದೇ ಸಾಕ್ಷಿ. ನಮ್ಮ ಕಡೆ ದಂಡದ ರಸೀದಿಯನ್ನು ಪೂಜೆ ಸಾಮಾನಿನ ಹಾಗೆ ಜೋಪಾನ ಮಾಡುತ್ತಾರೆ. ಅವ್ವನಿಗೆ ಓದು ಬಾರದು. ಯಾವ ಕಾಗದ ಯಾವುದು ಎಂದು ಮಡಿಕೆ ನೋಡಿಯೇ ಹೇಳುತ್ತಾಳೆ.

ಬೆಳಕು ಕಂಡದ್ದು ಭೂಮಿ ಹುಣ್ಣಿಮೆ ದಿನ. ಭತ್ತ ಹೊಡೆ ತುಂಬಿದ ಕಾಲದಲ್ಲಿ ಭೂಮಿ ಬಸುರಿ ಎಂದು ಲೆಕ್ಕ. ಅವಳಿಗೆ ಬಯಕೆ ಊಟ ಹಾಕಬೇಕು. ಹೆಂಗಸರು ಕಡುಬು, ಸೊಪ್ಪಿನ ಅಂಬಲಿ, ಸಿಕ್ಕ ತರಕಾರಿಯೆಲ್ಲ ಬೇಯಿಸಿ, ಚಿತ್ತಾರ ಬರೆದ ಬುಟ್ಟಿಗೆ ತುಂಬುತ್ತಾರೆ. ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಬೇಕು. ಅವ್ವ ದೊಂದಿ ಹಿಡಿದು ಮುಂದೆ, ನಾನು ಬುಟ್ಟಿ ಹೊತ್ತು ಹಿಂದೆ. ಬದುವಿನ ಮೇಲೆ ಬುಟ್ಟಿ ಇಳಿಸಿ ಸೊಂಟ ನೆಟ್ಟಗೆ ಮಾಡಿದೆ. ಹಿನ್ನೀರಿನ ಕಡೆಯಿಂದ ಬೆಳಕಿನ ಸಾಲು ಬರುತ್ತಿತ್ತು. ಒಂದರ ಹಿಂದೆ ಒಂದು, ಲಾರಿಗಳು ಘಾಟಿ ಹತ್ತಿದ ಹಾಗೆ. ಶಬ್ದ ಇಲ್ಲ. ಎದುರಿನ ಗುಡ್ಡದ ಕಡೆ ಹೋದವು. ಕೊನೆಯದೊಂದು ಸಾಲನ್ನು ಬಿಟ್ಟು ಪಕ್ಕಕ್ಕೆ ತಿರುಗಿತು. ನಾನು ಫೋನ್ ತೆಗೆದು ವಿಡಿಯೋ ಮಾಡಿದೆ.

ಅವ್ವನೂ ತಲೆ ಎತ್ತಿ ನೋಡಿದಳು. "ಎಂತದಾ ಅದು?"

"ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಬಿಡು. ಬೆಳಕು ಹರೀತಾ ಬಂತು, ಅಂಬ್ಲಿ ಬೀರು ಮೊದ್ಲು."

ಬೀರಿದೆ. ಕಡುಬು ತಿಂದು ಕೆಲಸಕ್ಕೆ ಹೋದೆ. ಅಲ್ಲಿಗೆ ಮುಗಿಯಬೇಕಿತ್ತು. ಗ್ಯಾರೇಜಿನಲ್ಲಿ ಯಜಮಾನನಿಗೆ ವಿಡಿಯೋ ತೋರಿಸಿದೆ. ಅವನು ಅದನ್ನು ಯಾವುದೋ ಗ್ರೂಪಿಗೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಹೊಸನಗರದ ಬಸ್ ಸ್ಟ್ಯಾಂಡಿನಲ್ಲೆಲ್ಲ ಅದೇ ವಿಡಿಯೋ. ಮೊಬೈಲ್ ನ್ಯೂಸಿನ ಒಬ್ಬ ಹಿಂದೆ ಡಂಡಂ ಎಂದು ಮ್ಯೂಸಿಕ್ ಸೇರಿಸಿ ಬಿಟ್ಟ.

"ಅಲ್ಲಾ ಮಾರಾಯ," ಎಂದ ಯಜಮಾನ, "ಮ್ಯಾಲಿಂದ ಬಂದೋರಿಗೆ ಗಾಡಿ ಸರ್ವೀಸ್ ಎಂತಾದ್ರೂ ಬೇಕನಾ ಕೇಳ್ಬೇಕಿತ್ತು. ಆಯಿಲ್ ಚೇಂಜ್ ಮಾಡಿ ಕಳಿಸ್ತಿದ್ವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಪೊಲೀಸರಿಗೆ ನಗು ಬರಲಿಲ್ಲ. ಡ್ಯಾಮಿನ ಹಿನ್ನೀರಿನ ಮೇಲೆ ಯಾರೋ ರಾತ್ರಿ ಡ್ರೋನ್ ಹಾರಿಸಿದ್ದಾರೆ, ಯಾರೆಂದು ನೋಡಿ ಎಂದು ಅವರಿಗೆ ಮೇಲಿನಿಂದ ಆರ್ಡರ್ ಬಂದಿತ್ತಂತೆ. ನನ್ನನ್ನು ಸ್ಟೇಷನ್ನಿಗೆ ಕರೆಸಿದರು.

ಅಲ್ಲಿ ಬರೆದುಕೊಂಡವರು ಒಬ್ಬ ವಯಸ್ಸಾದ ಪೊಲೀಸಿನವರು, ಇದೇ ತಾಲೂಕಿನವರು.

"ಎಷ್ಟ್ ಲೈಟು?"

"ಎಣಿಸ್ಲಿಲ್ಲ ಸಾರ್. ಸಾಲಿತ್ತು."

"ಶಬ್ದ?"

"ಇಲ್ಲ."

"ಹಿಂದಿನ್ ದಿನ ಎಂತಾದ್ರೂ ಕುಡ್ದಿದ್ಯಾ?"

"ಹಬ್ಬ ಸಾರ್. ಅವ್ವ ಕೊಲ್ತಾಳೆ."

"ಎಲ್ಲಿ ನಿಂತಿದ್ದೆ?"

"ಗದ್ದೇಲಿ."

"ಯಾವ ಸರ್ವೆ ನಂಬರು?"

ನಾನು ಸುಮ್ಮನೆ ಕೂತೆ. ಅವರು ಪೆನ್ನು ಮೇಲೆತ್ತಿ ಹಿಡಿದರು. ನಮ್ಮ ಕಡೆಯವರಿಗೆ ಅಷ್ಟು ಸುಮ್ಮನಿದ್ದರೆ ಅರ್ಥವಾಗುತ್ತದೆ.

"ನಿಮ್ಮನೆ ಮೇಲ್ಗಡೆ ಟಾರ್ ರೋಡಿದ್ಯಲ್ಲ? ಅಲ್ಲಿಂದನೂ ಆಕಾಶ ಕಾಣ್ತದೆ ಅಲ್ದನಾ?" ಎಂದರು. "ಈಗ ಎಂತ ಹೇಳ್ಬೇಡ. ನಾಳೆ ಸಾಹೇಬ್ರು ಜಾಗ ನೋಡಕ್ಕೆ ಬರ್ತಾರೆ. ಅವ್ರ ಎದ್ರಿಗೆ ಸರಿಯಾಗಿ ನೆನಪ್ ಮಾಡ್ಕಂಡು ಹೇಳು. ನಿಮ್ಮವ್ವಂಗೂ ಹೇಳು."

ಒಳ್ಳೆಯ ಮನುಷ್ಯ. ನನಗೆ ಧೈರ್ಯ ಬಂತು. ಮನೆಗೆ ಬಂದು ಅವ್ವನಿಗೆ ಬಿಡಿಸಿ ಹೇಳಿದೆ. ನಾಳೆ ಪೊಲೀಸರು ಬರುತ್ತಾರೆ. ಬೆಳಕು ಕಂಡ ಜಾಗದ ಮಹಜರು ಮಾಡುತ್ತಾರೆ. ನಾವು ನಿಂತದ್ದು ರೋಡಿನ ಮೇಲೆ ಎನ್ನು. ಗದ್ದೆ ಎಂದರೆ ಅದು ಬರಹದಲ್ಲಿ ಫಾರೆಸ್ಟ್ ಆಫೀಸಿಗೆ ಹೋಗುತ್ತದೆ. ಗದ್ದೆ ಹೋಗುತ್ತದೆ. ಅವ್ವ ಒಲೆ ಊದುತ್ತ ಎಲ್ಲ ಕೇಳಿಸಿಕೊಂಡಳು. "ಮಹಜರು ಅಂದ್ರೆ ಬರ್ಕಂತಾರನಾ?" ಎಂದಳು. "ಹೌದು," ಎಂದೆ. "ಸೀಲ್ ಹಾಕ್ತಾರಾ?" "ಹಾಕ್ತಾರೆ." ಮತ್ತೇನೂ ಕೇಳಲಿಲ್ಲ. ಒಪ್ಪಿದಳು ಎಂದುಕೊಂಡು ನಾನು ಮಲಗಿದೆ.

ಬೆಳಿಗ್ಗೆ ಎದ್ದಾಗ ಅವ್ವ ಮಿಂದು, ಮದುವೆಗೆ ಉಡುವ ಸೀರೆ ಉಟ್ಟು, ಕಡುಬು ಬೇಯಿಸಿ ಇಟ್ಟಿದ್ದಳು.

ಜೀಪು ಬಂತು. ಸಾಹೇಬರು ವಯಸ್ಸಿನಲ್ಲಿ ಸಣ್ಣವರು. ಆ ವಯಸ್ಸಾದ ಪೊಲೀಸಿನವರು, ಮಹಜರಿಗೆ ಸಾಕ್ಷಿ ನಿಲ್ಲುವ ಪಂಚರು ಎಂದು ರಸ್ತೆಯಲ್ಲಿ ಸಿಕ್ಕ ಇಬ್ಬರು. ಸಾಹೇಬರಿಗೂ ಮೊದಲೇ ಯಾರೋ ವಿಷಯ ಹೇಳಿರಬೇಕು. ಜೀಪು ಇಳಿದವರು ರಸ್ತೆಯ ಮೇಲೆಯೇ ನಿಂತರು.

"ಇಲ್ಲೇ ನಿಂತಿದ್ರಿ ಅಲ್ವಾ ಅಮ್ಮ?"

"ಇಲ್ಲಿಯಾ?" ಎಂದಳು ಅವ್ವ. "ಬಯಕೆ ಊಟನ ಯಾರಾದ್ರೂ ಟಾರ್ ರೋಡಿಗೆ ಬಡಿಸ್ತಾರನಾ ಸಾಹೇಬ್ರೆ? ನಾಯಿ ತಿನ್ನಕ್ಕಾ?"

ಪಂಚರು ನಕ್ಕುಬಿಟ್ಟರು. ಸಾಹೇಬರಿಗೂ ನಗು ಬಂತು. ನನಗೆ ಅವ್ವನ ಬಾಯಿ ಮುಚ್ಚಬೇಕು ಅನಿಸಿತು.

"ಅಮ್ಮ, ಬುಟ್ಟಿ ಎಲ್ಲಿ ಇಟ್ರಿ ಅಂತ ಕೇಳ್ತಿಲ್ಲ. ಲೈಟ್ ನೋಡಿದ್ದು ಎಲ್ಲಿ ಅಂತ. ರಸ್ತೆ ಅಂದ್ರೆ ನನಗೂ ಕೆಲಸ ಇಲ್ಲಿಗೇ ಮುಗೀತದೆ."

"ಹಬ್ಬದ ದಿನ ಇಟ್ಟ ಹೆಜ್ಜೆನ ಸುಳ್ಳು ಹೇಳಕ್ಕಾಗಲ್ಲ. ಬನ್ನಿ, ತೋರಿಸ್ತೀನಿ."

ಅವರ ಉತ್ತರಕ್ಕೂ ಕಾಯದೆ ಇಳಿದೇಬಿಟ್ಟಳು. ಹಿಂದೆ ಸಾಹೇಬರು, ಬೂಟಿಗೆ ಕೆಸರು ಹತ್ತದ ಹಾಗೆ ಕಾಲಿಡುತ್ತ. ಬದುವಿನ ಮೇಲೆ ನಿಂತು ಅವ್ವ ಕೈ ಚಾಚಿದಳು. "ಇಲ್ಲಿ ಬುಟ್ಟಿ. ಇಲ್ಲಿ ಇಂವ. ಇಲ್ಲಿ ನಾನು. ಇದು ನಮ್ ಗದ್ದೆ. ಅದನ್ನೂ ಬರ್ಕಳಿ. ಮೂಡಕ್ಕೆ ಹಳ್ಳ, ಪಡುವಕ್ಕೆ ನಂದಿ ಮರ, ತೆಂಕಕ್ಕೆ ನಮ್ ಮನೆ ದಾರಿ, ಬಡಗಕ್ಕೆ ಕಾಡು. ನಮ್ ಮಾವ ಅಗ್ದಿದ್ದು. ಬರ್ಕಂಡ್ರಾ?"

ಬರೆದುಕೊಳ್ಳುವ ಪೊಲೀಸಿನವರು ನನ್ನ ಮುಖ ನೋಡಿದರು. ನಾನು ಗದ್ದೆ ನೋಡಿದೆ. ಅಲ್ಲಲ್ಲಿ ಹೊಡೆ ಒಡೆದು ತೆನೆ ಇಣುಕುತ್ತಿತ್ತು. ಸಾಹೇಬರು ಬರೆಯಿರಿ ಎಂದು ತಲೆ ಆಡಿಸಿದರು. ಸಾಕ್ಷಿ ಹೇಳಿದ್ದನ್ನು ಬಿಡಲು ಬರುವುದಿಲ್ಲ, ಅದೂ ಪಂಚರ ಎದುರಿಗೆ. ಫೋನಿನಲ್ಲಿ ಜಾಗದ ಗುರುತು ಹಿಡಿದರು. ನಕ್ಷೆ ಗೀಚಿದರು. ಅವ್ವ ಹೆಬ್ಬೆಟ್ಟು ಒತ್ತಿ, ಕಡುಬು ಕೊಟ್ಟು, ತನಗೂ ಒಂದು ಕಾಪಿ ಬೇಕೆಂದು ಕೇಳಿದಳು. ಕಡುಬು ತಿಂದ ಮೇಲೆ ಇಲ್ಲ ಎನ್ನುವುದು ಅವರಿಗೂ ಕಷ್ಟವಾಯಿತು.

ಜೀಪು ಹೋದ ಮೇಲೆ ನಾನು ಕೂಗಾಡಿದೆ. "ಎಂತಕ್ಕೆ ಹೇಳ್ದೆ? ನಿನ್ನೆ ಅಷ್ಟು ಬಡ್ಕಂಡಿದೀನಿ!"

"ನಿಮ್ಮಜ್ಜನ ಕಾಲದಿಂದ ಸರ್ಕಾರದೋರು ಗದ್ದೆಗಿಳ್ದು ಬರ್ಕಂಡಿದ್ದು ಇದೇ ಮೊದ್ಲು," ಎಂದಳು. "ಅರ್ಜಿ ಹಾಕಿ ಹಾಕಿ ಕರೆದ್ರೂ ಬರ್ದೆ ಇದ್ದೋರು. ಈಗ ತಾವಾಗೇ ಬಂದಾಗ ನಾನು ರೋಡಲ್ಲಿದ್ದೆ ಅನ್ಲಾ?"

"ಅವ್ರು ಬಂದಿದ್ದು ಲೈಟಿಗೆ!"

"ಎಂತಕ್ಕಾದ್ರೂ ಬರ್ಲಿ. ಬರೆದ್ರಲೆ."

ಆ ಕಾಗದವನ್ನು ಹೊಸದಾಗಿ ಮಡಿಸಿ ಕವರಿಗೆ ಹಾಕಿದಳು. ಅವಳದು ತಪ್ಪು ಎಂದು ನೇರವಾಗಿ ಹೇಳುವುದೂ ಕಷ್ಟ. ದಂಡದ ರಸೀದಿಯೇ ಸಾಕ್ಷಿ ಆಗುವ ಊರಿನಲ್ಲಿ ಪೊಲೀಸರ ಮಹಜರು ಯಾಕೆ ಆಗಬಾರದು? ಅಕ್ಕಪಕ್ಕದ ಮನೆಗಳವರೂ ಅಂದು ಸಂಜೆ ಬಂದು ಕಾಗದ ನೋಡಿ, ನಿಮ್ಮ ಅದೃಷ್ಟ ಎಂದು ಹೋದರು. ಒಬ್ಬಳು, ತಮ್ಮ ಗದ್ದೆ ಮೇಲೂ ಎಂತಾದರೂ ಹಾರಿದರೆ ಆಗಿತ್ತು ಎಂದಳು. ತಮಾಷೆಗೆ ಹೇಳಿದ್ದಲ್ಲ.

ಆಮೇಲೆ ತೀರ್ಥಹಳ್ಳಿಗೆ ಕರೆ ಬಂತು. ಪೊಲೀಸಿನವರ ದೊಡ್ಡ ಆಫೀಸು. ಗ್ಯಾರೇಜಿನಲ್ಲಿ ರಜೆ ಕೇಳಿ, ನಿಂತುಕೊಂಡೇ ಬಸ್ಸಿನಲ್ಲಿ ಹೋದೆ. ಬೆಂಚಿನ ಮೇಲೆ ಕೂರಿಸಿದರು. ಊಟದ ಹೊತ್ತು ಕಳೆದ ಮೇಲೆ ಒಳಗೆ ಕರೆದು, ಹೊಸನಗರದಲ್ಲಿ ಕೇಳಿದ್ದನ್ನೇ ಕೇಳಿದರು. ಇನ್ನೊಂದು ದಿನ ಬಾ ಎಂದರು. ಹೋದೆ. ಬೇರೆಯವರು ಇದ್ದರು, ಅದನ್ನೇ ಕೇಳಿದರು. ಫೋನ್ ಇಟ್ಟುಕೊಂಡರು. ಫೋನ್ ಇಲ್ಲದೆ ಗ್ಯಾರೇಜಿನಲ್ಲಿ ಗಿರಾಕಿಗಳು ನನ್ನನ್ನು ಹುಡುಕುವುದು ಬಿಟ್ಟರು. ಎಷ್ಟು ಲೈಟು, ಯಾವ ದಿಕ್ಕು, ಶಬ್ದ ಇತ್ತಾ. ನನ್ನ ಬಾಯಿಗೆ ಅದು ಮಗ್ಗಿಯ ಹಾಗೆ ಆಯಿತು. ಹೇಳುವಾಗ ಬೆಳಕು ಕಣ್ಣ ಮುಂದೆ ಬರುವುದೂ ನಿಂತುಹೋಯಿತು.

ಕೊನೆಯ ಸಲ ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಕನ್ನಡಕ, ಲ್ಯಾಪ್‌ಟಾಪ್. ಮೆತ್ತಗೆ ಮಾತಾಡುವವರು.

"ನೋಡಪ್ಪಾ, ಇದು ಡ್ರೋನ್ ಅಲ್ಲ. ಇಂಟರ್ನೆಟ್‌ಗೆ ಅಂತ ಮೇಲೆ ಬಿಟ್ಟಿರೋ ಸ್ಯಾಟಲೈಟುಗಳು. ಸೂರ್ಯ ಹುಟ್ಟೋ ಮುಂಚೆ ಹೀಗೇ ಸಾಲಾಗಿ ಹೊಳೀತವೆ. ಟೈಮ್, ದಿಕ್ಕು ಎರಡೂ ಹೊಂದ್ತಾ ಇದೆ. ಒಂದೇ ಒಂದು ಹೊಂದ್ತಿಲ್ಲ. ಕೊನೇದು ಸಾಲು ಬಿಟ್ಟು ತಿರುಗ್ತು ಅಂತ ಹೇಳಿದೀಯ. ವಿಡಿಯೋದಲ್ಲಿ ಅದಿಲ್ಲ. ಅವು ಹಾಗೆ ತಿರುಗಲ್ಲ."

ಅದು ತಿರುಗಿತ್ತು. ನಾನು ನೋಡಿದ್ದೇನೆ. ಆದರೆ ತಿರುಗಿತು ಎಂದರೆ ಇನ್ನೊಂದು ದಿನ ಬಾ ಎನ್ನುತ್ತಾರೆ.

"ಇಲ್ಲ ಸಾರ್. ತಪ್ ಹೇಳಿದೆ. ಎಲ್ಲಾ ಸಾಲಲ್ಲೇ ಇದ್ವು."

ಅವರಿಗೆ ಖುಷಿಯಾಯಿತು. ಲ್ಯಾಪ್‌ಟಾಪ್ ಮುಚ್ಚಿದರು. ನನ್ನ ಫೋನ್ ವಾಪಸ್ ಕೊಟ್ಟರು. ಇನ್ನು ಬರಬೇಕಾ ಎಂದು ಪಕ್ಕದಲ್ಲಿದ್ದ ಅಧಿಕಾರಿಯನ್ನು ಕೇಳಿದೆ.

"ನಮ್ ಕಡೆಯಿಂದ ಬೇಡ. ಫೈಲ್ ಕ್ಲೋಸ್," ಎಂದರು. ಆಮೇಲೆ ಮಹಜರಿನ ಹಾಳೆ ತಿರುಗಿಸಿ, "ನೀನು ನಿಂತಿದ್ದ ಜಾಗ ಅರಣ್ಯದೊಳಗೆ ಬರ್ತದೆ. ಅವರಿಗೊಂದು ಪ್ರತಿ ಹೋಗಿದೆ. ಅದು ಅವರ ವಿಷಯ," ಎಂದರು.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ತನಕ ನಡೆದೆ. ತುಂಗೆಯ ಸೇತುವೆ ಕಡೆಯಿಂದ ಒಂದರ ಹಿಂದೆ ಒಂದು ಬಸ್ಸು ಬರುತ್ತಿತ್ತು. ನಮ್ಮ ಕಡೆಯದೂ ಬಂತು. ಹತ್ತಲಿಲ್ಲ. ಅವ್ವನಿಗೆ ಎಂತ ಹೇಳುವುದು ಎಂದು ಗೊತ್ತಾಗಲಿಲ್ಲ. ಆಮೇಲಿನ ಬಸ್ಸಿಗೆ ಹೋದೆ.

ನೋಟಿಸು ತಂದವನು ಅದೇ ಗಾರ್ಡು. ಅಂಗಳಕ್ಕೆ ಬಂದರೂ ಕೂರಲಿಲ್ಲ.

"ನಾನೆಂತ ಮಾಡ್ಲಿ ಅಕ್ಕ? ನಕ್ಷೆ ಸಮೇತ ಬಂದಿದೆ. ಇಷ್ಟ್ ವರ್ಷ ಕಾಣ್ಲಿಲ್ವಾ ಅಂತ ನಂಗೇ ಬೈತಿದಾರೆ."

"ನೀ ಎಂತಕ್ಕೆ ಹೆದರ್ತೀಯಾ? ಕರ್ದಿದಾರೆ, ಹೋಗಿ ಹೇಳ್ತೀನಿ," ಎಂದಳು ಅವ್ವ. ಸಾಗರದ ಆಫೀಸಿಗೆ ವಿಚಾರಣೆಗೆ ಬರಬೇಕು ಎಂದು ನೋಟಿಸಿನಲ್ಲಿತ್ತು. ಇಷ್ಟು ವರ್ಷ ಆಫೀಸಿನ ಬಾಗಿಲಲ್ಲಿ ಕಾದವಳನ್ನು ಈಗ ಹೆಸರು ಹಿಡಿದು ಕರೆದಿದ್ದರು. ಅವಳಿಗೆ ಅದು ಹಕ್ಕುಪತ್ರದ ಮೊದಲ ಮೆಟ್ಟಿಲಿನ ಹಾಗೆ ಕಂಡಿತು. ಹಾಗಲ್ಲ ಎಂದು ನಾನು ಬಸ್ಸಿನಲ್ಲಿ ಹೇಳಿದೆ, ಇಳಿದ ಮೇಲೂ ಹೇಳಿದೆ. ಅವಳು ಕವರನ್ನು ಎದೆಗೆ ಅವುಚಿಕೊಂಡು ಮುಂದೆ ಮುಂದೆ ನಡೆದಳು.

ಸಾಗರದ ಅಧಿಕಾರಿ ಕುರ್ಚಿ ತರಿಸಿ ಅವ್ವನನ್ನು ಕೂರಿಸಿದರು. ಅವ್ವ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಹಾಸಿದಳು. ಅಜ್ಜನ ಅರ್ಜಿ, ದಂಡದ ರಸೀದಿ, ಅಪ್ಪನ ಅರ್ಜಿ, ಅವಳ ಅರ್ಜಿ. ಎಲ್ಲದರ ಮೇಲೆ ಮಹಜರು ಇಟ್ಟು, ಅಂಗೈಯಲ್ಲಿ ಸವರಿದಳು.

"ಇದ್ರಲ್ಲಿ ನಾಲ್ಕೂ ಕಡೆ ಬರ್ದಿದೆ ಸಾಹೇಬ್ರೆ."

ಅಧಿಕಾರಿ ತಮ್ಮ ಫೈಲು ಬಿಚ್ಚಿದರು. ಒಳಗೆ ಅದೇ ಹಾಳೆ.

"ಅಮ್ಮ, ಇದು ಬಂದಿದ್ದಕ್ಕೇ ನಿಮ್ಮನ್ನ ಕರೆಸಿದ್ದು. ನಿಮ್ಮ ಹಳೇ ರಸೀದೀಲಿ ಊರಿನ ಹೆಸರಿದೆ, ಜಾಗ ಯಾವ್ದು ಅಂತ ಇಲ್ಲ. ಅರ್ಜೀಲೂ ಇಲ್ಲ. ಹಾಗಾಗಿ ಇದು ಹಾಗೇ ಎಳ್ಕೊಂಡು ಬಂದಿತ್ತು. ಈಗ ಜಾಗ ಗೊತ್ತಾಯ್ತು. ಜಾಗ ಕಾಡಿಂದು."

"ನಮ್ ಗದ್ದೆ ಅಂತ ಪೊಲೀಸ್ರು ಬರ್ದಿದಾರಲೆ?"

"ನೀವು ಹಾಗೆ ಹೇಳಿದ್ರಿ ಅಂತ ಬರ್ದಿದಾರೆ."

ಅವ್ವ ನನ್ನ ಕಡೆ ತಿರುಗಿದಳು. ಓದು ಎಂದಳು. ಓದಿದೆ. 'ಸಾಕ್ಷಿದಾರಳು ತನ್ನದೆಂದು ತೋರಿಸಿದ ಗದ್ದೆಯ ಬದುವಿನ ಮೇಲೆ' ಎಂದಿತ್ತು. ಇನ್ನೊಂದು ಸಲ ಓದು ಎಂದಳು. ಓದಿದೆ. ಫ್ಯಾನಿನ ಗಾಳಿಗೆ ಕಾಗದ ಹಾರದ ಹಾಗೆ ಕೈ ಮೇಲಿಟ್ಟುಕೊಂಡು ಕೂತಳು.

ನಾನು ಹೇಳಿದೆ, "ಸಾರ್, ಅವ್ವಂಗೆ ಗೊತ್ತಾಗ್ದೆ ಹೇಳಿದ್ದು. ನಾವು ರಸ್ತೇಲಿದ್ವಿ. ಲೈಟೂ ಕಂಡಿಲ್ಲ, ಎಂತದೂ ಕಂಡಿಲ್ಲ. ಬರ್ಕೊಡ್ತೀನಿ ಬೇಕಾದ್ರೆ."

"ಸುಮ್ನಿರಾ," ಎಂದಳು ಅವ್ವ. ಗಟ್ಟಿಯಾಗಿ ಅಲ್ಲ. "ಸಾಹೇಬ್ರೆ, ಇಂವ ಸುಸ್ತಾಗಿ ಎಂತೆಂತದೋ ಹೇಳ್ತಾನೆ. ನಾವು ಗದ್ದೇಲೇ ಇದ್ವಿ. ಪೈರಿದೆ. ಅದನ್ನ ಎಂತ ಮಾಡ್ತೀರಿ?"

ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಂದು ಅವರು ಹಾಗೆ ಕರೆಸಿದವರು ಇನ್ನೂ ಇದ್ದರು, ವರಾಂಡದಲ್ಲಿ ಸಾಲಾಗಿ ಕೂತಿದ್ದರು. "ಇದ್ದ ಪೈರು ಕೊಯ್ಕೊಳ್ಳಿ. ಆಮೇಲೆ ಉಳೋ ಹಾಗಿಲ್ಲ. ಒಪ್ಪಿಗೆ ಇಲ್ಲ ಅಂದ್ರೆ ಮೇಲೆ ಅಪೀಲ್ ಹಾಕ್ಬಹುದು," ಎಂದರು. ಆರ್ಡರು ಲಿಖಿತದಲ್ಲಿ ಬರುವುದು ತಡವಾಯಿತು, ಬಂದಾಗಲೂ ಅಷ್ಟೇ ಇತ್ತು.

ಕೊಯ್ಲಿಗೆ ನಾವಿಬ್ಬರೇ ಅಲ್ಲ, ಪಕ್ಕದ ಮನೆಗಳವರೂ ಬಂದರು. ಅವರಿಗೂ ಹೆದರಿಕೆ. ಅವರ ಗದ್ದೆಯೂ ಅದೇ ಕಾಡಿನಲ್ಲಿ, ನಮ್ಮದಕ್ಕೆ ತಾಗಿ ಬಡಗಕ್ಕೆ. ನಕ್ಷೆಯಲ್ಲಿ ನಮ್ಮದರ ಬಡಗಕ್ಕೆ ಕಾಡು ಎಂದು ಬರೆಸಿದ್ದಳು ಅವ್ವ. ಅವರ ಹೆಸರು ಎತ್ತಿರಲಿಲ್ಲ. ಅಷ್ಟು ಹುಷಾರು ಇತ್ತು ಅವಳಿಗೆ. ಹೊರೆ ಕಟ್ಟಿ ಮೇಲೆ ಸಾಗಿಸಿದೆವು. ವಾರದೊಳಗೆ ಫಾರೆಸ್ಟಿನವರ ಜೆಸಿಬಿ ಬಂದು, ನಾವು ಗದ್ದೆಗೆ ಇಳಿಯದ ಹಾಗೆ ಮನೆ ದಾರಿಯ ಪಕ್ಕಕ್ಕೇ ಕಂದಕ ತೆಗೆಯಿತು. ಕೂಳೆ ಇದ್ದ ಮಣ್ಣು ಗುಪ್ಪೆಗುಪ್ಪೆಯಾಗಿ ಈಚೆ ಬಿತ್ತು. ನಾನು ಅಂದು ಗ್ಯಾರೇಜಿಗೆ ಹೋಗಿದ್ದೆ, ನೋಡಲು ನಿಲ್ಲಲಿಲ್ಲ. ಅವ್ವ ಇಡೀ ದಿನ ಅಂಗಳದಲ್ಲಿ ಕೂತು ನೋಡಿದಳಂತೆ.

ಸಂಜೆ ಬಂದಾಗ ಅವಳು ಭತ್ತ ಕೇರುತ್ತಿದ್ದಳು. ಬರುವ ವರ್ಷಕ್ಕೆ ಬೀಜ ಬೇರೆ ತೆಗೆದಿಟ್ಟಿದ್ದಳು. ಎಲ್ಲಿ ಬಿತ್ತುವುದು ಎಂದು ನಾನು ಕೇಳಲಿಲ್ಲ.

"ಅಪೀಲು ಅಂದ್ರಲೆ, ಅದು ಎಲ್ಲಿ ಹಾಕದು?" ಎಂದಳು.

"ಶಿವಮೊಗ್ಗ ಇರ್ಬೇಕು."

"ಬೆಳಿಗ್ಗೆ ಬಸ್ಸಿದ್ಯನಾ?"

ಅಪೀಲಿನಿಂದ ಎಂತದೂ ಆಗುವುದಿಲ್ಲ ಎಂದು ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಕೈಗೆ ಹತ್ತಿದ್ದ ಗ್ರೀಸು ಹೋಗುತ್ತಿರಲಿಲ್ಲ, ಬೂದಿ ಹಾಕಿ ತಿಕ್ಕುತ್ತ ನಿಂತೆ. ಬಸ್ಸು ಇದೆ, ಆದರೆ ಸೀಟು ಸಿಗುವುದಿಲ್ಲ ಎಂದೆ.

"ನಿಂತ್ಕಂಡ್ ಹೋದ್ರಾಯ್ತು," ಎಂದಳು.

ಗ್ಯಾರೇಜಿನ ಯಜಮಾನನಿಗೆ ಫೋನ್ ಮಾಡಿ ರಜೆ ಕೇಳಿದೆ.